ಲಚ್ಚಿಯ ವೀಸಾಕ್ಕೆ ನಾನು ಮಾಡಿದ ಸಹಾಯ

ಮಕ್ಕಳೇ, ನಿಮ್ಮ ಅಜ್ಜಿಗೆ ಸರ್ಕಾರದ ವ್ಯವಹಾರ ಚೆನ್ನಾಗಿ ಗೊತ್ತು. ಯಾಕೆಂದರೆ ಮೂವತ್ತೊಂದು ವರ್ಷ ನಾನು ಸರ್ಕಾರದ ಅಂಗಿ ಒಗೆದಿದ್ದೇನೆ, ಸರ್ಕಾರಕ್ಕೆ ಡಬ್ಬಿ ಕಟ್ಟಿಕೊಟ್ಟಿದ್ದೇನೆ, ಸರ್ಕಾರದ ಗೊರಕೆಯನ್ನೂ ಕೇಳಿದ್ದೇನೆ. ನಿಮ್ಮ ಅಜ್ಜ ಡೆಲ್ಲಿಯ ಆರ್.ಕೆ.ಪುರಂನ ಒಂದು ಕಚೇರಿಗೆ ಗುಮಾಸ್ತರಾಗಿ ಸೇರಿ, ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರು. ಇಂಥ ಮನೆಯಲ್ಲಿ ಬಾಳಿದ ನನಗೆ ಒಂದು ವೀಸಾ ಎಂದರೆ ಎಷ್ಟರ ಮಾತು ಎಂದು ಅನಿಸಿದ್ದು ಸಹಜ. ಅನಿಸಬಾರದಿತ್ತು!

ಅನ್ವಿ, ನೀನು ಪ್ರತಿ ಸಲ ರೋಹಿಣಿಯ ನಿಮ್ಮ ಮನೆಯಿಂದ ಬಂದಾಗ "ಅಜ್ಜಿ, ವೋ ಲಚ್ಚಿ ವಾಲೀ ಸ್ಟೋರಿ ಸುನಾವೋ ನಾ" ಎಂದು ಪೀಡಿಸುತ್ತೀಯ. ಹೇಳಲು ನಾಚಿಕೆ. ಅದಕ್ಕೇ ಬರೆದಿದ್ದೇನೆ. ಕನ್ನಡದಲ್ಲಿ ಬರೆದಿದ್ದೇನೆ, ನಿನಗೆ ಓದಲು ಬರುವುದಿಲ್ಲವೆಂಬ ಧೈರ್ಯದಿಂದ. ಅಮ್ಮನಿಂದ ಓದಿಸಿಕೊಂಡರೆ ನಾನು ಜವಾಬ್ದಾರಳಲ್ಲ.

ನಿಮ್ಮ ಅಜ್ಜ ಹೋದ ಮೇಲೆ ವಸಂತ್ ಕುಂಜ್‌ನ ನಮ್ಮ ಮನೆಯ ಒಂದು ಕೋಣೆ ಖಾಲಿ ಬಿತ್ತು. ನಿಮ್ಮಮ್ಮ "ನಮ್ಮ ಜೊತೆ ಬಂದುಬಿಡು" ಎಂದಳು. ಬಾಲ್ಕನಿಯ ಕರಿಬೇವಿನ ಗಿಡಕ್ಕೆ ನೀರು ಹಾಕುವವರು ಯಾರು ಎಂದು ನಾನು ಕೇಳಿದೆ. ಆಗ ಅವಳು ಯಾರನ್ನೋ ವಿಚಾರಿಸಿ ಒಬ್ಬ ಬಾಡಿಗೆಯವಳನ್ನು ತಂದಳು. ಇಟಲಿ ದೇಶದ ಹುಡುಗಿ, ಎಂಜಿನಿಯರ್. ಹೆಸರು ಲೂಚಿಯಾ. ಅದರ ಹಿಂದೆ ಇನ್ನೊಂದು ಹೆಸರಿತ್ತು, ಅದನ್ನು ಪೂರ್ತಿ ಹೇಳಬೇಕಾದರೆ ಮಧ್ಯೆ ಒಮ್ಮೆ ಉಸಿರು ತೆಗೆದುಕೊಳ್ಳಬೇಕು. ಮೂರನೆಯ ದಿನ ಅವಳು ನನ್ನ ಬಾಯಲ್ಲಿ ಲಚ್ಚಿ ಆದಳು. ನನ್ನ ಹಿಂದಿಯೂ ಮುರಿದದ್ದು, ಅವಳ ಹಿಂದಿಯೂ ಮುರಿದದ್ದು. ಆದ್ದರಿಂದ ಎರಡೂ ಚೆನ್ನಾಗಿ ಹೊಂದಿಕೊಂಡವು. ಒಂದು ವರ್ಷದಲ್ಲಿ ಅವಳಿಗೆ ಕನ್ನಡವೂ ಅಷ್ಟಿಷ್ಟು ಬಂತು.

ಲಚ್ಚಿಯ ಕೆಲಸ ಮೆಟ್ರೋಕ್ಕೆ ಸುರಂಗ ತೋಡುವುದು. ಕೈಯಿಂದಲ್ಲ, ಯಂತ್ರದಿಂದ. ಫೋನಿನಲ್ಲಿ ಅದರ ಚಿತ್ರ ತೋರಿಸಿದ್ದಳು. ರೈಲಿನಷ್ಟು ಉದ್ದ, ಮುಖದ ತುಂಬ ಹಲ್ಲು, ಥೇಟ್ ಉಕ್ಕಿನ ಹೆಗ್ಗಣ! ಅದು ನೆಲದ ಅಡಿಯಲ್ಲಿ ದಾರಿ ತಪ್ಪದ ಹಾಗೆ ನಡೆಸುವುದು ಇವಳ ವಿದ್ಯೆ. ಒಂದು ಸ್ಟೇಷನ್ನಿನಿಂದ ಹೊರಟ ಹೆಗ್ಗಣ ಇನ್ನು ಒಂದು ತಿಂಗಳಲ್ಲಿ ಮುಂದಿನ ಸ್ಟೇಷನ್ನಿನ ಗೋಡೆ ಒಡೆದು ಹೊರಬರುವುದಿತ್ತು.

"ಆ ದಿನ ನಾನು ಅಲ್ಲಿ ಇರಬೇಕು ಅಜ್ಜಿ" ಎಂದು ಅವಳು ಊಟ ಬಿಟ್ಟು ಹೇಳುತ್ತಿದ್ದಳು. "ಒಂದು ವರ್ಷ ಮಣ್ಣಿನ ಒಳಗೆ ನೋಡಿದ್ದೇನೆ. ಬೆಳಕಿಗೆ ಬರೋದನ್ನು ನೋಡಬೇಕು." ಹೆರಿಗೆಯ ದಿನ ಎಣಿಸುವವರ ಹಾಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಳು. ಗೋಡೆ ಒಡೆಯುವ ಮೊದಲು ಒಡೆಯಲು ನಾನು ಒಂದು ತೆಂಗಿನಕಾಯಿ ತೆಗೆದಿಟ್ಟೆ.

ಅಷ್ಟರಲ್ಲಿ ಅವಳ ಕೆಲಸದ ವೀಸಾದ ಅವಧಿ ಮುಗಿಯುತ್ತ ಬಂತು. ಈ ಕೆಲಸದ ವೀಸಾದ ಕಥೆ ಹೀಗೆ: ಹೊರದೇಶದವರನ್ನು ಇಲ್ಲಿನ ಒಂದು ಕಂಪನಿ ಕರೆಸಿಕೊಳ್ಳಬೇಕು. ಅವರಿಗೆ ನಮ್ಮಲ್ಲಿ ಸುಲಭವಾಗಿ ಸಿಗದಂಥ ದೊಡ್ಡ ವಿದ್ಯೆ ಇರಬೇಕು. ಸಂಬಳವೂ ದೊಡ್ಡದಿರಬೇಕು. ಕರೆಸಿದ ಕಂಪನಿಯ ಕೆಲಸ ಬಿಟ್ಟು ಬೇರೆಲ್ಲೂ ಕೈ ಹಾಕಬಾರದು. ಇದೆಲ್ಲ ಈಗ ನನಗೆ ಬಾಯಿಪಾಠ. ಆಗ ಇದರಲ್ಲಿ ಒಂದಕ್ಷರವೂ ಗೊತ್ತಿರಲಿಲ್ಲ.

ಅವಳ ಕಂಪನಿಯಲ್ಲಿ ಇಂಥ ಕಾಗದಪತ್ರ ನೋಡಿಕೊಳ್ಳುವ ಭಾಟಿಯಾ ಎಂಬ ಹೆಣ್ಣುಮಗಳು ನನಗೆ ಫೋನ್ ಮಾಡಿದಳು.

"ಆಂಟೀಜಿ, ಲೂಚಿಯಾದು ವೀಸಾ ಮುಂದುವರಿಸೋಕೆ ಹಾಕಿದ್ದೀವಿ. ವೆರಿಫಿಕೇಶನ್‌ಗೆ ಯಾರಾದ್ರೂ ಮನೆಗೆ ಬರಬಹುದು. ಘಬರಾನಾ ನಹೀ. ಸಚ್ ಬೋಲ್ ದೇನಾ, ಬಸ್!"

ನಿಜ ಹೇಳಬೇಕಂತೆ! ಸರ್ಕಾರದವರ ಮುಂದೆ! ನನಗೆ ನಗು ಬಂತು. ಪಾಪ, ಪೇಟೆಯಲ್ಲಿ ಬೆಳೆದ ಹುಡುಗಿ.

ಮಕ್ಕಳೇ, ನಾನು ಹುಟ್ಟಿದ್ದು ಕರಾವಳಿಯ ಒಂದು ಸಣ್ಣ ಹಳ್ಳಿಯಲ್ಲಿ. ಓದಿದ್ದು ಅಲ್ಲಿನ ಶಾಲೆಯ ಏಳನೆಯ ತರಗತಿಯವರೆಗೆ. ಆದರೆ ಶಾಲೆಯಲ್ಲಿ ಕಲಿಸದ ಒಂದು ಪಾಠವನ್ನು ಅಮ್ಮ ಮನೆಯಲ್ಲಿ ಕಲಿಸಿದ್ದಳು. ಕಂಕುಳಲ್ಲಿ ಚೀಲ ಇಟ್ಟುಕೊಂಡ ಕಂದಾಯದವರು ಗದ್ದೆಯ ಅಂಚಿನಲ್ಲಿ ಕಂಡರೆ ಸಾಕು, ಹಿತ್ತಾಳೆಯ ಹಂಡೆ ಹುಲ್ಲಿನ ಅಡಿಗೆ ಹೋಗುತ್ತಿತ್ತು, ಹಾಲು ಕೊಡುವ ದನ ಪಕ್ಕದ ಮನೆಯ ಹಿತ್ತಲಿಗೆ ಹೋಗುತ್ತಿತ್ತು. ಅಮ್ಮ ಹರಿದ ಸೆರಗನ್ನು ಮುಂದೆ ಮಾಡಿಕೊಂಡು ಬಾಗಿಲಿಗೆ ಬಂದು, "ನಮ್ಮಲ್ಲಿ ಎಂತ ಉಂಟು ಒಡೆಯಾ?" ಎನ್ನುತ್ತಿದ್ದಳು. ಇದ್ದದ್ದನ್ನು ಕಡಿಮೆ ಹೇಳಬೇಕು. ಇದು ನನಗೆ ರಕ್ತದಲ್ಲಿ ಬಂದದ್ದು. ಎಷ್ಟೆಂದರೆ, "ಸಕ್ಕರೆ ಇದೆಯಾ?" ಎಂದು ನಿಮ್ಮ ಅಜ್ಜ ಕೇಳಿದರೂ ಡಬ್ಬಿ ತುಂಬಿರುವಾಗಲೇ "ಮುಗೀತಾ ಬಂತು" ಎನ್ನುತ್ತಿದ್ದೆ. ಅವರು ತಲೆ ಚಚ್ಚಿಕೊಂಡು, "ನಾನೇನು ಶಾನುಭೋಗನಾ? ನಿನ್ನ ಮಾತು ನಂಬಿದವನು ಕೆಟ್ಟ!" ಎನ್ನುತ್ತಿದ್ದರು. ಅವರೂ ಸರ್ಕಾರದವರೇ ಅಲ್ಲವೇ? ನನ್ನ ಬಾಯಿಗೆ ಅದೇ ರೂಢಿ.

ಒಂದು ಮಂಗಳವಾರ ಬೆಳಗ್ಗೆ ಬಾಗಿಲ ಗಂಟೆ ಸದ್ದಾಯಿತು. ಲಚ್ಚಿ ಕೆಲಸಕ್ಕೆ ಹೋಗಿದ್ದಳು. ಬಾಗಿಲು ತೆರೆದರೆ ಸಣಕಲು ದೇಹದ ಒಬ್ಬ ಸಾಹೇಬರು. ದಹಿಯಾ ಎಂದು ಹೆಸರು ಹೇಳಿದರು, ವಿದೇಶಿಯರ ಕಚೇರಿಯಿಂದ ಬಂದಿದ್ದೇನೆ ಎಂದರು. ನಾನು ಮುಖ ನೋಡಲಿಲ್ಲ. ನನ್ನ ಕಣ್ಣು ಅವರ ಕಂಕುಳಿಗೆ ಹೋಯಿತು.

ಚೀಲ ಇತ್ತು!

ಸಾಮಾನ್ಯವಾಗಿ ಹೊಸಬರ ಮುಂದೆ ನನಗೆ ಮಾತೇ ಹೊರಡುವುದಿಲ್ಲ. ಮದುವೆಮನೆಯಲ್ಲಿ ಕೂಡ ಕಂಬದ ಹಿಂದೆ ಜಾಗ ಹುಡುಕುವವಳು ನಾನು. ಅಂದು ಮಾತ್ರ ಅಮ್ಮನೇ ಮೈಮೇಲೆ ಬಂದ ಹಾಗಾಯಿತು. ಸೆರಗು ಹೊದ್ದು, ಮಜ್ಜಿಗೆ ಕೊಟ್ಟು, ನೆಲ ನೋಡುತ್ತ ನಿಂತೆ.

"ಈ ಮೇಡಂ ಏನು ಕೆಲಸ ಮಾಡ್ತಾರೆ, ಅಮ್ಮಾಜೀ?"

ಎಂಜಿನಿಯರ್ ಎಂದರೆ ಏನು ಗತಿ! "ಎಂತದೋ ಮಣ್ಣಿನ ಕೆಲಸ, ಸಾಹೇಬ್."

"ಮಣ್ಣಿನ ಕೆಲಸ?"

"ಹ್ಞಾ. ಅಗೆಯೋದು."

ಸಾಹೇಬರು ಪೆನ್ನು ತೆಗೆದರು. "ಓದು?"

ಗೋಡೆಯ ಮೇಲೆ ಅವಳು ಡಾಕ್ಟರೇಟ್ ಪಡೆದ ಫೋಟೋ ನೇತುಹಾಕಿದ್ದಳು, ಅವರ ದೇಶದ ಪದ್ಧತಿಯಂತೆ ತಲೆಯ ಮೇಲೆ ಎಲೆಗಳ ಕಿರೀಟ. ನಾನು ಅದಕ್ಕೆ ಅಡ್ಡ ನಿಂತೆ. "ಸ್ವಲ್ಪ ಸ್ವಲ್ಪ. ಹೆಸರು ಬರೆಯೋಕೆ ಬರುತ್ತೆ."

"ಸಂಬಳ?"

"ಪಾಪ! ಹೊಟ್ಟೆಬಟ್ಟೆಗೆ."

"ನಿಮಗೆ ಬಾಡಿಗೆ ಕೊಡ್ತಾರಾ?"

ಈ ಪ್ರಶ್ನೆಗೆ ನಾನು ನಿಜಕ್ಕೂ ನೊಂದುಕೊಂಡೆ. "ಬಾಡಿಗೆಯಾ? ಛೆ! ಮನೆಮಗಳ ಹಾಗೆ ಇದ್ದಾಳೆ. ಊಟ ನಾನೇ ಹಾಕ್ತೀನಿ. ಅವಳೂ ಕೈಲಾದ ಕೆಲಸ ಮಾಡ್ತಾಳೆ. ತರಕಾರಿ ಹೆಚ್ಚುತ್ತಾಳೆ, ಮಿಕ್ಸಿ ಸರಿ ಮಾಡ್ತಾಳೆ."

ಸಾಹೇಬರು ಬೇಗ ಬೇಗ ಬರೆದುಕೊಂಡರು. ಅಷ್ಟು ಆಸಕ್ತಿಯಿಂದ ನನ್ನ ಮಾತು ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ನನಗೂ ಹುರುಪು ಬಂತು. ಆ ಹೊತ್ತಿಗೆ ಸರಿಯಾಗಿ ಕೆಳಗಿನ ಮನೆಯ ಸೇಠಿ ಆಂಟಿ ಮೊಸರಿನ ಬಟ್ಟಲು ವಾಪಸು ಕೊಡಲು ಬಂದರು. ವಿಷಯ ತಿಳಿದದ್ದೇ ತಡ, ಸಾಕ್ಷಿ ಹೇಳಲು ಮುಂದಾದರು.

"ಅರೇ ಭಾಯಿಸಾಬ್, ಬಹುತ್ ಅಚ್ಛೀ ಲಡ್ಕೀ! ನಮ್ಮ ಗೀಸರ್ ಅವಳೇ ರಿಪೇರಿ ಮಾಡಿದ್ದು. ಮೇಲಿನ ಟ್ಯಾಂಕಿನ ಮೋಟಾರ್ ಅವಳೇ. ಗುಪ್ತಾಜೀ ಮನೆ ವಾಷಿಂಗ್ ಮಷಿನ್ ಕೂಡ!"

"ಇಡೀ ಬ್ಲಾಕಿನ ರಿಪೇರಿ ಇವರೇ ಮಾಡ್ತಾರಾ?"

"ಔರ್ ಕ್ಯಾ! ಪ್ಲಂಬರ್ ಭಯ್ಯಾನನ್ನು ಕರೆಯೋದೇ ಬಿಟ್ಟಿದ್ದೀವಿ."

ದಹಿಯಾ ಸಾಹೇಬರು ಎರಡು ಲೋಟ ಮಜ್ಜಿಗೆ ಕುಡಿದು, ನಾಲ್ಕು ಚಕ್ಕುಲಿ ತಿಂದು, ನಾಲ್ಕು ಪುಟ ತುಂಬಿಸಿಕೊಂಡು ಹೋದರು. ಸಂಜೆ ಲಚ್ಚಿ ಬಂದಾಗ ನಾನು ಬಾಗಿಲಲ್ಲೇ ಕೈ ಎತ್ತಿ ಹೇಳಿದೆ: "ಹೆದರಬೇಡ. ಎಲ್ಲ ನಾನು ನೋಡಿಕೊಂಡೆ. ನಾಲ್ಕು ಪುಟ ಬರೆಸಿದ್ದೇನೆ!" ಅವಳು ಕೆಸರು ಬಟ್ಟೆಯಲ್ಲೇ ನನ್ನನ್ನು ಅಪ್ಪಿಕೊಂಡಳು. ಆ ಸೀರೆಯ ಕಲೆ ಇನ್ನೂ ಹೋಗಿಲ್ಲ.

ಮುಂದಿನ ವಾರ ಭಾಟಿಯಾ ಮನೆಗೇ ಬಂದಳು. ಎತ್ತರದ ಚಪ್ಪಲಿ ಹಾಕಿಕೊಂಡು ಎರಡು ಮಹಡಿ ಓಡಿ ಹತ್ತಿದ್ದರಿಂದ ಅವಳಿಗೆ ಏದುಸಿರು ಬರುತ್ತಿತ್ತು. ಫೋನು ತೆಗೆದು ಕಚೇರಿಯಿಂದ ಬಂದ ಪತ್ರವನ್ನು ಓದಿದಳು. ಸದರಿ ವಿದೇಶಿ ಮಹಿಳೆ ಅಲ್ಪಸ್ವಲ್ಪ ಓದಿದ ಮಣ್ಣು ಅಗೆಯುವ ಕೂಲಿಯೆಂದೂ, ಹೊಟ್ಟೆಬಟ್ಟೆಗೆ ಸಾಲುವಷ್ಟೇ ಸಂಬಳವೆಂದೂ, ಒಂದು ಮನೆಯಲ್ಲಿ ಊಟಕ್ಕಾಗಿ ಮನೆಗೆಲಸ ಮಾಡಿಕೊಂಡಿರುವರೆಂದೂ, ಬಿಡುವಿನಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ರಿಪೇರಿ ವೃತ್ತಿ ನಡೆಸುತ್ತಿರುವರೆಂದೂ ವಿಚಾರಣೆಯಿಂದ ತಿಳಿದುಬಂದಿದೆ. ಇಂಥವರನ್ನು ವಿದೇಶದಿಂದ ಕರೆಸುವ ಅಗತ್ಯವೇನಿತ್ತು ಎಂಬುದಕ್ಕೆ ಕಂಪನಿಯು ಕೂಡಲೇ ವಿವರಣೆ ಕೊಡತಕ್ಕದ್ದು. ಇದು ಪತ್ರದ ಸಾರಾಂಶ.

"ಆಂಟೀಜಿ, ನಾನು ನಿಜ ಹೇಳಿ ಅಂದಿದ್ದೆ!"

"ನಾನು ಒಳ್ಳೇದಕ್ಕೇ ಹೇಳಿದ್ದು ಮಗಾ. ಬಡವರು ಅಂದ್ರೆ ಸರ್ಕಾರ ಕನಿಕರ ತೋರಿಸಲ್ವಾ?"

"ಆಂಟೀಜಿ, ಇದು ರೇಷನ್ ಕಾರ್ಡ್ ಅಲ್ಲ! ವೀಸಾ! ಇದರಲ್ಲಿ ಬಡವರಿಗೆ ಜಾಗ ಇಲ್ಲ. ವೀಸಾ ಸಿಗದಿದ್ರೆ ಅವಳು ಸಾಮಾನು ಕಟ್ಟಬೇಕು!"

ಲಚ್ಚಿ ಕ್ಯಾಲೆಂಡರಿನ ಗುರುತನ್ನು ನೋಡಿದಳು. ಅದಕ್ಕೆ ಇನ್ನು ಹನ್ನೆರಡು ದಿನ ಇತ್ತು. ನನಗೆ ಊಟ ಸೇರಲಿಲ್ಲ. ನಾನೇ ಕೆಡಿಸಿದ್ದನ್ನು ನಾನೇ ಸರಿ ಮಾಡಬೇಕು ಎಂದು ನಿರ್ಧರಿಸಿದೆ. ಮಕ್ಕಳೇ, ಇಂಥ ನಿರ್ಧಾರ ಮಾಡಿದಾಗ ಯಾರಾದರೂ ನನ್ನನ್ನು ಕೋಣೆಯಲ್ಲಿ ಕೂಡಿ ಚಿಲಕ ಹಾಕಬೇಕು!

ಮರುದಿನ ಕಂಪನಿಯ ಪರವಾಗಿ ಭಾಟಿಯಾ, ಜೊತೆಗೆ ಲಚ್ಚಿ, ಕಚೇರಿಗೆ ಹೊರಟರು. "ಆಂಟೀಜಿ, ನೀವು ಬರೋದು ಬೇಡ" ಎಂದು ಭಾಟಿಯಾ ಮೂರು ಸಲ ಹೇಳಿದಳು. ನಾನು ರೇಷ್ಮೆ ಸೀರೆ ಉಟ್ಟು ಆಟೋದಲ್ಲಿ ಮೊದಲು ಹತ್ತಿ ಕುಳಿತಿದ್ದೆ. ಇಳಿಸುವುದು ಹೇಗೆ? ಆರ್.ಕೆ.ಪುರಂ ದಾಟುವಾಗ ನಮ್ಮ ಹಳೆಯ ಕ್ವಾರ್ಟರ್ಸು ಕಂಡಿತು. ನಿಮ್ಮ ಅಜ್ಜನನ್ನು ನೆನೆದು ಮನಸ್ಸಿನಲ್ಲೇ ಕೈ ಮುಗಿದೆ. ಅವರು ಇದ್ದಿದ್ದರೆ ಆಟೋ ನಿಲ್ಲಿಸಿ ನನ್ನನ್ನು ಅಲ್ಲೇ ಇಳಿಸಿಬಿಡುತ್ತಿದ್ದರು.

ದಹಿಯಾ ಸಾಹೇಬರು ಮೇಜಿನ ಹಿಂದೆ ಕುಳಿತಿದ್ದರು, ಸುತ್ತ ನಾಲ್ಕೈದು ಗುಮಾಸ್ತರು. ಭಾಟಿಯಾ ಕಡತ ಬಿಚ್ಚಿ ಇನ್ನೂ "ಸರ್" ಎಂದಿರಲಿಲ್ಲ, ನಾನು ಎದ್ದು ನಿಂತೆ. ಕಡಿಮೆ ಹೇಳಿ ಕೆಟ್ಟಿದ್ದೇನೆ, ಇಂದು ಹೆಚ್ಚು ಹೇಳಬೇಕು ಎನ್ನುವುದೊಂದೇ ತಲೆಯಲ್ಲಿತ್ತು. ಹೆಚ್ಚು ಹೇಳುವ ಭಾಷೆ ನಾನು ಕೇಳಿದ್ದು ಒಂದೇ ಕಡೆ: ಹೆಣ್ಣು ನೋಡುವ ಶಾಸ್ತ್ರದಲ್ಲಿ. ನಮ್ಮ ದೊಡ್ಡತ್ತೆ ನನ್ನನ್ನು ನಿಮ್ಮ ಅಜ್ಜನ ಮನೆಯವರಿಗೆ ವರ್ಣಿಸಿದ ಧಾಟಿಯೇ ಬಾಯಿಗೆ ಬಂತು.

"ಸಾಹೇಬರೇ, ಇಂಥ ಹುಡುಗಿ ಹುಡುಕಿದರೂ ಸಿಗಲ್ಲ! ಓದಿನಲ್ಲಿ ಇವಳ ಮುಂದೆ ಯಾರೂ ಇಲ್ಲ. ಡೆಲ್ಲಿಯ ಮೆಟ್ರೋ ನಡೀತಾ ಇರೋದೇ ಇವಳಿಂದ. ಇವಳು ಒಂದು ದಿನ ರಜೆ ಹಾಕಿದ್ರೆ ಅಷ್ಟೂ ರೈಲು ನಿಂತು ಹೋಗುತ್ತೆ!"

"ಅಚ್ಛಾ?" ಎಂದರು ಸಾಹೇಬರು.

"ಆಂಟೀಜಿ, ಬೈಠಿಯೇ" ಎಂದು ಭಾಟಿಯಾ ನನ್ನ ಸೆರಗು ಎಳೆದಳು. ನಾನು ಸೆರಗು ಬಿಡಿಸಿಕೊಂಡೆ. ದೊಡ್ಡತ್ತೆಯ ವರ್ಣನೆಯಲ್ಲಿ ಮುಖ್ಯವಾದ ಮಾತು ಇನ್ನೂ ಬಾಕಿ ಇತ್ತು. ಹುಡುಗಿಗೆ ಬೆಲೆ ಬರುವುದೇ ಆ ಮಾತಿನಿಂದ.

"ಇವರ ಕಂಪನಿ ಒಂದೇ ಅಲ್ಲ ಸಾಹೇಬರೇ. ಬೇರೆ ಹತ್ತು ಕಡೆಯಿಂದ ಕೇಳ್ತಾ ಇದ್ದಾರೆ! ಪಕ್ಕದ ಕಂಪನಿಯವರಂತೂ ಮನೆಗೇ ಬಂದು ಕರ್ಕೊಂಡು ಹೋಗ್ತಾರೆ!"

ಭಾಟಿಯಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಲಚ್ಚಿಗೆ ಅಷ್ಟು ಹಿಂದಿ ಅರ್ಥವಾಗಿತ್ತು, ಅವಳ ಮುಖ ಬಿಳಿಚಿತು. ದಹಿಯಾ ಸಾಹೇಬರು ನಿಧಾನವಾಗಿ ಪೆನ್ನಿನ ಮುಚ್ಚಳ ತೆಗೆದರು. ಆ ಮುಚ್ಚಳದ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

"ಯಾವ ಕಂಪನಿ, ಅಮ್ಮಾಜೀ?"

ನಾನು ಕುಳಿತುಕೊಂಡೆ. "ಯಾವ ಕಂಪನಿಯೂ ಇಲ್ಲ."

"ಮೊನ್ನೆ ಕೂಲಿ ಅಂದ್ರಿ. ಇವತ್ತು ಡೆಲ್ಲಿ ನಡೆಸ್ತಾಳೆ ಅಂತೀರಿ. ಯಾವುದು ನಿಜ?"

ಕಂಬವೊಂದಿದ್ದರೆ ಅದರ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಕಚೇರಿಯಲ್ಲಿ ಕಂಬ ಇರಲಿಲ್ಲ.

"ಅವಳ ಕೆಲಸ ಎಂತದು ಅಂತ ನನಗೆ ಸರಿಯಾಗಿ ಗೊತ್ತಿಲ್ಲ ಸಾಹೇಬರೇ. ಬೆಳಗ್ಗೆ ಆರಕ್ಕೆ ಹೆಲ್ಮೆಟ್ ಹಿಡ್ಕೊಂಡು ಹೋಗ್ತಾಳೆ. ಸಂಜೆ ಮೊಣಕಾಲು ತನಕ ಕೆಸರು ಮಾಡ್ಕೊಂಡು ಬರ್ತಾಳೆ. ಬಾಡಿಗೆ ತಿಂಗಳು ತಪ್ಪದೆ ಕೊಡ್ತಾಳೆ. ಗೀಸರ್ ಸರಿ ಮಾಡಿದ್ದು ಪುಕ್ಕಟೆ, ಸೇಠಿ ಆಂಟಿ ಬಿಡಲಿಲ್ಲ ಅಂತ. ನಿಮ್ಮ ಚೀಲ ನೋಡಿ ನನಗೆ ಹೆದರಿಕೆ ಆಯ್ತು. ನಮ್ಮೂರಲ್ಲಿ ಚೀಲದವರು ಬಂದ್ರೆ ಮನೆಯಲ್ಲಿದ್ದ ಒಳ್ಳೆಯದನ್ನು ಮುಚ್ಚಿಡೋದು ರೂಢಿ. ಅದಕ್ಕೇ ಇವಳನ್ನೂ ಮುಚ್ಚಿಟ್ಟೆ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು.

"ಅಮ್ಮಾಜೀ, ನಾನು ಊರಿಗೆ ಹೋದ್ರೆ ನಮ್ಮಮ್ಮ ನನಗೇ ಒಂದು ಎಮ್ಮೆ ಕಮ್ಮಿ ಹೇಳ್ತಾಳೆ. ಸ್ವಂತ ಮಗನಿಗೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಕೆಲಸ ಆಯಿತು ಎಂದುಕೊಂಡು. ಆಗ ಅವರು ಇನ್ನೊಂದು ಮಾತು ಹೇಳಿದರು.

"ಕಂಪನಿಯ ವಿವರಣೆ ನಿನ್ನೆ ಸಂಜೆಯೇ ಕಂಪ್ಯೂಟರಿನಲ್ಲಿ ಬಂದಿತ್ತು. ಡಿಗ್ರಿ, ಸಂಬಳದ ಪತ್ರ, ಬಾಡಿಗೆಯ ಕರಾರು, ಎಲ್ಲ ಸರಿಯಾಗಿತ್ತು. ಮಧ್ಯಾಹ್ನದೊಳಗೆ ಕಡತ ಮುಗಿಸೋನಿದ್ದೆ. ಆದ್ರೆ ಈಗ ನೀವು ಇಷ್ಟು ಜನರ ಮುಂದೆ ಬೇರೆ ಕಂಪನಿ ಅಂದ್ರಿ. ನಾನು ಕೇಳಿಸಲಿಲ್ಲ ಅನ್ನೋ ಹಾಗಿಲ್ಲ. ಬೇರೆಲ್ಲೂ ಕೆಲಸ ಮಾಡಿಲ್ಲ ಅಂತ ಕಂಪನಿ ಪ್ರಮಾಣಪತ್ರ ಕೊಡಲಿ, ನಾನು ಮೇಲಿನವರಿಗೆ ಕಳಿಸ್ತೀನಿ. ಎರಡು ವಾರ ಹಿಡಿಯುತ್ತೆ."

ಎರಡು ವಾರ! ಕ್ಯಾಲೆಂಡರಿನಲ್ಲಿ ಹನ್ನೊಂದು ದಿನ!

ಕಡತ ಇತ್ಯರ್ಥವಾಗುವವರೆಗೆ ಅವಳು ಸುರಂಗಕ್ಕೆ ಇಳಿಯುವುದು ಬೇಡ ಎಂದು ಕಂಪನಿಯ ವಕೀಲರು ಹೇಳಿಬಿಟ್ಟರು. ಲಚ್ಚಿ ಮನೆಯಲ್ಲಿ ಕೂತಳು. ಆ ದಿನಗಳಲ್ಲಿ ನಾನು ಅವಳಿಗೆ ಒಂದು ಸ್ಕ್ರೂ ಮುಟ್ಟಲು ಬಿಡಲಿಲ್ಲ. ತಟ್ಟೆ ತೊಳೆಯಲು ಹೋದರೆ ಕಿತ್ತುಕೊಂಡೆ. "ಅದು ಕೆಲಸ! ಕೈ ಕಟ್ಟಿ ಕೂತ್ಕೋ!" ಸೇಠಿ ಆಂಟಿಯ ಗೀಸರ್ ಮತ್ತೆ ಕೆಟ್ಟಿತು. ಅವರು ಮೆಟ್ಟಿಲಲ್ಲಿ ಕಂಡ ಕೂಡಲೇ ನಾನು ಬಾಗಿಲು ಹಾಕಿಕೊಂಡು ಒಳಗಿನಿಂದಲೇ, "ಅವಳಿಗೆ ಪರ್ಮಿಷನ್ ಇಲ್ಲ!" ಎಂದು ಕೂಗಿದೆ.

ಲಚ್ಚಿ ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಗುರುತು ಹಾಕಿದ ದಿನ ಬಂತು. ಅವಳು ಬೆಳಗ್ಗೆಯೇ ಎದ್ದು, ಸ್ನಾನ ಮಾಡಿ, ತಲೆಗೆ ಹೆಲ್ಮೆಟ್ ಹಾಕಿಕೊಂಡು ಊಟದ ಮೇಜಿನ ಮುಂದೆ ಕುಳಿತಳು. ಫೋನನ್ನು ಉಪ್ಪಿನಕಾಯಿ ಜಾಡಿಗೆ ಆನಿಸಿಟ್ಟಳು. ಅಲ್ಲಿದ್ದ ಗೆಳೆಯರು ವಿಡಿಯೋ ಹಚ್ಚಿದ್ದರು. ಒಂದು ಬೋಳು ಗೋಡೆ, ಅದರ ಮುಂದೆ ಜನ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗೋಡೆಯಲ್ಲಿ ಒಂದು ಬಿರುಕು. ಧೂಳು. ಮಣ್ಣು ಉದುರಿ, ಹಲ್ಲುಗಳು ತಿರುಗುತ್ತ ತಿರುಗುತ್ತ ಹೊರಗೆ ಬಂದವು! ಅಲ್ಲಿ ಚಪ್ಪಾಳೆ, ಕೂಗಾಟ. ಯಾರೋ ಫೋನನ್ನು ಹೆಗ್ಗಣದ ಮುಖದ ಹತ್ತಿರ ಹಿಡಿದು, "ಲೂಚಿಯಾ! ಲೂಚಿಯಾ!" ಎಂದು ಕೂಗಿದರು. ಎಲ್ಲರೂ ಕೂಗಿದರು.

ನಾನು ತೆಗೆದಿಟ್ಟಿದ್ದ ತೆಂಗಿನಕಾಯಿಯನ್ನು ರುಬ್ಬುವ ಕಲ್ಲಿಗೆ ಹೊಡೆದೆ. ನೀರು ಫೋನಿನ ಮೇಲೆಯೇ ಹಾರಿತು. ಲಚ್ಚಿ ಫೋನು ಒರೆಸಿದಳು, ಆಮೇಲೆ ಕಣ್ಣು ಒರೆಸಿದಳು. ಕ್ಷಮಿಸು ಎಂದು ಹೇಳುವುದು ನನಗೆ ಯಾವ ಭಾಷೆಯಲ್ಲೂ ಅಭ್ಯಾಸವಿಲ್ಲ. ಕಾಯಿ ತುರಿದು ಬೆಲ್ಲ ಹಾಕಿ ಅವಳ ಕೈಗೆ ಕೊಟ್ಟೆ.

"ಪರವಾಗಿಲ್ಲ ಅಜ್ಜಿ" ಎಂದಳು, ಹೆಲ್ಮೆಟ್ ತೆಗೆಯದೆ. "ಮುಂದಿನ ಸ್ಟೇಷನ್ ಉಂಟು."

ನಾಲ್ಕು ದಿನದ ನಂತರ ವೀಸಾ ಬಂತು. ಮುಂದಿನ ಸ್ಟೇಷನ್ನೂ ಬಂದಿತು, ಅಲ್ಲಿ ಅವಳೇ ಎದುರು ನಿಂತಳು. ನನ್ನನ್ನೂ ಕರೆದಿದ್ದಳು. ನಾನು ಹೋಗಲಿಲ್ಲ. ಅಲ್ಲಿ ಯಾರಾದರೂ ಚೀಲ ಹಿಡಿದವರು ಸಿಕ್ಕಿ ನನ್ನನ್ನು ಮಾತಾಡಿಸಿದರೆ ಎಂಬ ಭಯ.

ವೀಸಾದ ಜೊತೆ ಒಂದು ಆದೇಶದ ಪ್ರತಿಯೂ ಬಂದಿತ್ತು. ಇಂಗ್ಲಿಷಿನಲ್ಲಿತ್ತು. ಅನ್ವಿ, ನಿನಗೆ ನೆನಪಿರಬೇಕು, ನೀನೇ ಅದರ ಫೋಟೋ ತರಿಸಿಕೊಂಡು ಫೋನಿನಲ್ಲಿ ನನಗೆ ಓದಿ ಹೇಳಿದವಳು. ನಕ್ಕು ನಕ್ಕು ನಿನಗೆ ಎರಡು ಸಲ ಬಿಕ್ಕಳಿಕೆ ಬಂತು. ಕಂಪನಿಯ ದಾಖಲೆಗಳು ತೃಪ್ತಿಕರವಾಗಿವೆ ಎಂದು ಮೊದಲ ಸಾಲು. ಅದರ ಕೆಳಗೆ: "ಮನೆಯ ಒಡತಿಯ ಹೇಳಿಕೆಗಳು ನಂಬಲು ಯೋಗ್ಯವಲ್ಲ, ಅವನ್ನು ಪರಿಗಣಿಸತಕ್ಕದ್ದಲ್ಲ."

ಏಳನೆಯ ತರಗತಿ ಓದಿದ, ಕಂಬದ ಹಿಂದೆ ನಿಲ್ಲುವ ನಿಮ್ಮ ಅಜ್ಜಿಯ ಬಗ್ಗೆ ಭಾರತ ಸರ್ಕಾರದ ಕಡತದಲ್ಲಿ ಒಂದು ಪೂರ್ತಿ ವಾಕ್ಯ ಇದೆ, ಮಕ್ಕಳೇ! ಅದರಲ್ಲಿ ಕಡಿಮೆಯೂ ಇಲ್ಲ, ಹೆಚ್ಚೂ ಇಲ್ಲ. ನಿಮ್ಮ ಅಜ್ಜ ಮೂವತ್ತೊಂದು ವರ್ಷ ಇದನ್ನೇ ಹೇಳಿದ್ದರು. ಮೊಹರು ಬಿದ್ದಿರಲಿಲ್ಲ, ಅಷ್ಟೇ.